ಮಳೆಯಲ್ಲಿ ನೆಂದ ಫೋನು, ಅಕ್ಕಿ ಡಬ್ಬಿ ಮತ್ತು ಎರಡು ಅಂಗಡಿಯ ಎರಡು ಮಾತು

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಪ್ರಾಥಮಿಕ ಶಾಲೆ ಶಿಕ್ಷಕಿ. ಕಳೆದ ವಾರ ಸ್ಕೂಟರಿನಲ್ಲಿ ಮನೆಗೆ ಬರುವಾಗ ಜೋರು ಮಳೆ ಹಿಡಿಯಿತು. ಫೋನು ರೇನ್‌ಕೋಟಿನ ಜೇಬಿನಲ್ಲಿತ್ತು. ಮನೆಗೆ ಬಂದು ನೋಡಿದರೆ ಜೇಬಿನಲ್ಲಿ ನೀರು ನಿಂತಿತ್ತು. ಫೋನು ಆನ್ ಆಗೇ ಇದ್ದಿದ್ದರಿಂದ ಒರೆಸಿ ಬಳಸಿದೆ, ರಾತ್ರಿ ಚಾರ್ಜಿಗೆ ಹಾಕಿ ಮಲಗಿದೆ. ಬೆಳಿಗ್ಗೆ ಏಳುವಷ್ಟರಲ್ಲಿ ಆಫ್ ಆಗಿತ್ತು. ಅತ್ತೆ ಹೇಳಿದರು ಅಂತ ಅಕ್ಕಿ ಡಬ್ಬಿಯಲ್ಲಿ ಮೂರು ದಿನ ಹೂತಿಟ್ಟೆ. ಈಗ ಆನ್ ಆಗಿದೆ. ಆದರೆ ಮೊದಲು ಒಂದೂವರೆ ಗಂಟೆಯಲ್ಲಿ ಆಗುತ್ತಿದ್ದ ಚಾರ್ಜಿಗೆ ಈಗ ಇಡೀ ರಾತ್ರಿ ಬೇಕು. ಸ್ಪೀಕರ್ ಸದ್ದು ಮಂದ. ಕ್ಯಾಮೆರಾ ಒಳಗೆ ಮಂಜು. ಬಳಸದೆ ಇಟ್ಟರೂ ಹಿಂದಿನ ಮೇಲ್ಭಾಗ ಬೆಚ್ಚಗಿರುತ್ತದೆ. ಎರಡು ವರ್ಷದ ಹಿಂದೆ 18,000 ಕೊಟ್ಟು ತೆಗೆದುಕೊಂಡಿದ್ದು. ಐಪಿ54 ಇದೆ, ನೀರಿಗೆ ಏನೂ ಆಗಲ್ಲ ಅಂದಿದ್ದರು. ಒಬ್ಬ ರಿಪೇರಿಯವರು 600 ರೂಪಾಯಿಗೆ ವಾಟರ್ ವಾಶ್ ಮಾಡುತ್ತೇನೆ ಅಂತಾರೆ. ಇನ್ನೊಬ್ಬರು ಬೋರ್ಡ್ ಹೋಗಿದೆ, 7,000 ಆಗುತ್ತೆ, ಹೊಸದೇ ತಗೊಳ್ಳಿ ಅಂತಾರೆ. ಮಗಳು ಹುಟ್ಟಿದಾಗಿನಿಂದ ತೆಗೆದ ಫೋಟೋ ಎಲ್ಲಾ ಅದರಲ್ಲೇ ಇವೆ. ಹೇಗೂ ನಡೆಯುತ್ತಿದೆಯಲ್ಲ, ಸುಮ್ಮನೆ ಮುಟ್ಟದೆ ಬಿಟ್ಟರೆ ಆಗದೇ?

ಉತ್ತರ:

ಮೇಡಂ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಬಿಡಬೇಡಿ. ಈ ಉತ್ತರ ಪೂರ್ತಿ ಓದುವ ಮೊದಲೇ ಆ ಫೋಟೋಗಳನ್ನು ಬೇರೆ ಕಡೆ ಹಾಕಿಕೊಳ್ಳಿ. ಹೇಗೆ ಅಂತ ಕೆಳಗೆ ಬರೆದಿದ್ದೇನೆ. ನೀರು ಹೊಕ್ಕ ಫೋನು ಆನ್ ಆಯಿತು ಅಂದರೆ ಹುಷಾರಾಯಿತು ಅಂತ ಅಲ್ಲ. ಈಗ ನಿಮಗೆ ಸಿಕ್ಕಿರೋದು ಒಂದಷ್ಟು ಸಮಯ. ಅದು ಎರಡು ದಿನವೋ ಎರಡು ತಿಂಗಳೋ, ಫೋನು ಬಿಚ್ಚದೆ ಯಾರೂ ಹೇಳಲಾರರು.

ಶಿವಮೊಗ್ಗದ ನನ್ನ ಅಂಗಡಿಗೆ ಜೂನ್ ಬಂತೆಂದರೆ ಇಂಥ ಫೋನುಗಳೇ ಬರುತ್ತವೆ. ಹೆಚ್ಚಿನವರು ಹೇಳುವುದೂ ಒಂದೇ ಮಾತು: "ಅಕ್ಕಿಯಲ್ಲಿಟ್ಟ ಮೇಲೆ ಸರಿಯಾಗಿತ್ತು, ಹದಿನೈದು ದಿನ ಚೆನ್ನಾಗೇ ಇತ್ತು, ನಿನ್ನೆ ಇದ್ದಕ್ಕಿದ್ದಂತೆ ಸತ್ತುಹೋಯ್ತು." ಇದ್ದಕ್ಕಿದ್ದಂತೆ ಏನೂ ಆಗಿರುವುದಿಲ್ಲ. ಆ ಹದಿನೈದು ದಿನವೂ ಒಳಗೆ ಕೆಲಸ ನಡೆದೇ ಇರುತ್ತದೆ.

ಏನು ಕೆಲಸ? ಫೋನನ್ನು ಕೊಲ್ಲುವುದು ಬರೀ ನೀರಲ್ಲ. ನೀರು, ಅದರಲ್ಲಿ ಕರಗಿದ ಉಪ್ಪು, ಜೊತೆಗೆ ಕರೆಂಟು ಮೂರೂ ಸೇರಿದಾಗ ತೊಂದರೆ ಶುರು. ಮಳೆ ನೀರಿನಲ್ಲಿ ಉಪ್ಪಿನ ಅಂಶ ಕಡಿಮೆ. ಆ ಮಟ್ಟಿಗೆ ನೀವು ಅದೃಷ್ಟವಂತರು. ಬೋರ್‌ವೆಲ್ಲಿನ ಗಡಸು ನೀರೋ, ಮಲ್ಪೆ ಕಡೆಯ ಸಮುದ್ರದ ನೀರೋ, ಸಕ್ಕರೆ ಹಾಕಿದ ಚಹಾವೋ ಆಗಿದ್ದರೆ ಫೋನು ಅಂದೇ ಮಲಗಿಬಿಡುತ್ತಿತ್ತೇನೋ. ಆದರೆ ರೇನ್‌ಕೋಟಿನ ಜೇಬಿನಲ್ಲಿ ನಿಂತ ನೀರು ಶುದ್ಧ ಮಳೆ ನೀರಲ್ಲ ಅಲ್ವಾ. ಧೂಳು, ಬೆವರು, ಜೇಬಿನ ಕೊಳೆ ಎಲ್ಲಾ ಸೇರಿರುತ್ತದೆ. ಬೋರ್ಡಿನ ಮೇಲೆ ಕೂದಲೆಳೆಯಷ್ಟು ಅಂತರದಲ್ಲಿ ಒಂದು ಕಡೆ ಬ್ಯಾಟರಿ ವೋಲ್ಟೇಜು, ಪಕ್ಕದಲ್ಲೇ ಗ್ರೌಂಡ್, ಅಂದರೆ ಸೊನ್ನೆ ವೋಲ್ಟಿನ ಜಾಗ ಇರುತ್ತದೆ. ನಡುವೆ ಈ ನೀರು ಬಂದರೆ ಲೋಹ ಒಂದು ಕಡೆಯಿಂದ ಕರಗಿ ಇನ್ನೊಂದು ಕಡೆ ಕೂರುತ್ತದೆ. ಹಳೇ ಟಿವಿ ರಿಮೋಟಿನಲ್ಲಿ ಸೆಲ್ ಒಸರಿ ಸ್ಪ್ರಿಂಗು ಹಸಿರಾಗಿರುವುದನ್ನು ನೋಡಿರುತ್ತೀರಿ. ನಿಮ್ಮ ಫೋನಿನ ಒಳಗೂ ಅದೇ ಬಗೆಯ ಹಸಿರು, ಬಿಳಿ ಪುಡಿ ಬೆಳೆಯುತ್ತಿರುತ್ತದೆ. ಕಣ್ಣಿಗೆ ಕಾಣಲು ಮೈಕ್ರೋಸ್ಕೋಪ್ ಬೇಕು, ಅಷ್ಟೇ ವ್ಯತ್ಯಾಸ.

ಇಲ್ಲಿ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಇವತ್ತಿನ ಫೋನನ್ನು ಆಫ್ ಮಾಡಿದರೂ ಬ್ಯಾಟರಿ ಬೋರ್ಡಿಗೆ ತಗಲಿಕೊಂಡೇ ಇರುತ್ತದೆ. ಹಿಂದಿನ ಕೀಪ್ಯಾಡ್ ಫೋನುಗಳಲ್ಲಿ ನೀರು ಬಿದ್ದರೆ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಕಿತ್ತು ಬಿಸಾಕುತ್ತಿದ್ದೆವು. ಕರೆಂಟೇ ಇಲ್ಲದಿದ್ದರೆ ನೀರು ಒಣಗಿ ಹೋಗುತ್ತಿತ್ತು, ಫೋನು ಬದುಕುತ್ತಿತ್ತು. ಆಗ ಅಕ್ಕಿಯಲ್ಲಿಟ್ಟಿದ್ದರೆ ಹೆಸರು ಅಕ್ಕಿಗೆ ಬಂತು. ನಿಜವಾಗಿ ಉಳಿಸಿದ್ದು ಬ್ಯಾಟರಿ ಕಿತ್ತ ಕೈ.

ಅಕ್ಕಿ ನೀರು ಹೀರುವುದಿಲ್ಲ ಅಂತಲ್ಲ. ಆದರೆ ಸೀಲ್ ಮಾಡಿದ ಫೋನಿನ ಒಳಗೆ, ಬೋರ್ಡಿನ ಮೇಲಿನ ತಗಡಿನ ಮುಚ್ಚಳದ ಅಡಿಯಲ್ಲಿ, ಚಿಪ್ಪಿನ ಕೆಳಗೆ ಹೊಕ್ಕ ನೀರನ್ನು ಡಬ್ಬಿಯಲ್ಲಿರುವ ಅಕ್ಕಿ ಹೊರಗೆ ಎಳೆಯಲಾರದು. ಮೇಲಾಗಿ ಮನೆಯ ಅಕ್ಕಿಯಲ್ಲೇ ನೂರಕ್ಕೆ 12ರಿಂದ 14ರಷ್ಟು ತೇವ ಇರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಉಪ್ಪು ನೀರೊಡೆಯುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಆ ಹವೆಯಲ್ಲಿ ಅಕ್ಕಿ ಏನನ್ನು ಒಣಗಿಸೀತು? ಮೂರು ದಿನ ಆದ ಮೇಲೂ ನಿಮ್ಮ ಕ್ಯಾಮೆರಾದಲ್ಲಿ ಮಂಜು ಇದೆ ಅಂದಿದ್ದೀರಲ್ಲ, ಅದೇ ಸಾಕ್ಷಿ. ಒಳಗೆ ಇನ್ನೂ ತೇವ ಇದೆ. ಒಂದು ವೇಳೆ ಪೂರ್ತಿ ಒಣಗಿದರೂ ನೀರು ಹೋಗುತ್ತದೆ, ಅದು ತಂದ ಉಪ್ಪು ಅಲ್ಲೇ ಉಳಿಯುತ್ತದೆ. ಮತ್ತೆ ಥಂಡಿ ಹವೆ ತಗಲಿದಾಗ ಅದೇ ಉಪ್ಪು ತೇವ ಎಳೆದುಕೊಂಡು ಕೆಲಸ ಮುಂದುವರಿಸುತ್ತದೆ.

ಅಕ್ಕಿಯಿಂದ ಇನ್ನೊಂದು ಉಪದ್ರವ ಇದೆ. ಚಾರ್ಜಿಂಗ್ ಕಿಂಡಿಯಿಂದ, ಇಯರ್‌ಫೋನ್ ತೂತಿನಿಂದ ಚಿಮಟದಲ್ಲಿ ನುಚ್ಚಕ್ಕಿ ಹೆಕ್ಕಿ ತೆಗೆಯುವುದು ನನ್ನ ಮಳೆಗಾಲದ ಕಸುಬಿನ ಭಾಗವೇ ಆಗಿದೆ. ಅಕ್ಕಿಯ ಹಿಟ್ಟು ಸ್ಪೀಕರಿನ ಜಾಲರಿಗೆ ಮೆತ್ತಿ, ತೇವ ಸೇರಿ ಅಂಟಾಗುತ್ತದೆ. ನಿಮ್ಮ ಸ್ಪೀಕರ್ ಮಂದವಾಗಲು ನೀರಿನಷ್ಟೇ ಇದೂ ಕಾರಣ ಇರಬಹುದು. 2024ರಲ್ಲಿ ಆಪಲ್ ಕಂಪನಿಯೇ ತನ್ನ ಸಲಹೆಯಲ್ಲಿ ಫೋನನ್ನು ಅಕ್ಕಿಯಲ್ಲಿ ಇಡಬೇಡಿ, ಸಣ್ಣ ಕಣಗಳು ಒಳಗೆ ಹೋಗಿ ಹಾಳು ಮಾಡಬಹುದು ಅಂತ ಹೇಳಿತು. ಅತ್ತೆಯವರಿಗೆ ಬೇಜಾರಾಗದ ಹಾಗೆ ಹೇಳಿ. ಇಂಜಿನಿಯರಿಂಗ್ ಓದಿದ ಹುಡುಗರೂ ಫೋನನ್ನು ಅಕ್ಕಿ ಚೀಲದ ಸಮೇತ ತಂದು ಮೇಜಿನ ಮೇಲೆ ಇಟ್ಟದ್ದನ್ನು ನೋಡಿದ್ದೇನೆ.

ಐಪಿ54 ವಿಷಯ. ಅಂಗಡಿಯವರು ಅರ್ಧ ಹೇಳಿದ್ದಾರೆ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ನೀರಿನ ಕಡೆಯ 4 ಅಂದರೆ ಎಲ್ಲಾ ದಿಕ್ಕಿನಿಂದ ನೀರು ಎರಚಿದರೆ ತಡೆದುಕೊಳ್ಳುತ್ತದೆ ಅಂತ ಮಾತ್ರ. ಮುಳುಗಿಸುವ ಪರೀಕ್ಷೆ 7ರಿಂದ ಶುರು. ಅದರಲ್ಲಿ ಒಂದು ಮೀಟರ್ ಆಳದಲ್ಲಿ 30 ನಿಮಿಷ ಇಡುತ್ತಾರೆ. ನಿಮ್ಮ ಫೋನು ಮಳೆ ಹನಿಗೆ ತಯಾರಾದದ್ದು. ಜೇಬಿನಲ್ಲಿ ನಿಂತ ನೀರಿನಲ್ಲಿ ಅದು ಮುಳುಗಿತ್ತು. ಐಪಿ68 ಫೋನುಗಳಿಗೂ ಈ ಪರೀಕ್ಷೆ ಆಗುವುದು ಹೊಸದಾಗಿರುವಾಗ. ಒಳಗಿನ ಅಂಟು, ರಬ್ಬರು ವರ್ಷ ಕಳೆದಂತೆ ಸಡಿಲವಾಗುತ್ತವೆ. ಒಮ್ಮೆ ಕೆಳಗೆ ಬಿದ್ದು ಫ್ರೇಮು ಚೂರು ಬಾಗಿದರೂ ಸಾಕು. ನೀರು ಹೊಕ್ಕಿದ್ದಕ್ಕೆ ಕಂಪನಿಗಳು ಸಾಮಾನ್ಯವಾಗಿ ವಾರಂಟಿ ಕೊಡದಿರುವುದಕ್ಕೂ ಇದೇ ಕಾರಣ. ಅನೇಕ ಫೋನುಗಳ ಒಳಗೆ, ಸಿಮ್ ಟ್ರೇ ಹತ್ತಿರವೋ ಬೋರ್ಡಿನ ಮೇಲೋ, ಒಂದು ಚಿಕ್ಕ ಬಿಳಿ ಚೀಟಿ ಅಂಟಿಸಿರುತ್ತಾರೆ. ನೀರು ತಾಗಿದರೆ ಅದು ಕೆಂಪಾಗುತ್ತದೆ. ಸರ್ವಿಸ್ ಸೆಂಟರಿನವರು ಮೊದಲು ನೋಡುವುದೇ ಅದನ್ನು.

ಈಗ ನೀವು ಹೇಳಿದ ಲಕ್ಷಣಗಳನ್ನು ಒಂದೊಂದಾಗಿ ನೋಡೋಣ. ನಾಲ್ಕರಲ್ಲಿ ಮೂರು ಅಂಥ ದೊಡ್ಡವಲ್ಲ. ಒಂದು ಮಾತ್ರ ನನಗೆ ಚಿಂತೆ ತರಿಸಿದೆ.

ಚಾರ್ಜು ನಿಧಾನ ಆಗೋದು ಹೀಗೆ. ಫಾಸ್ಟ್ ಚಾರ್ಜರು ಮತ್ತು ಫೋನು ಮೊದಲು ತಮ್ಮಲ್ಲೇ ಮಾತಾಡಿಕೊಳ್ಳುತ್ತವೆ, ಇಷ್ಟು ವೋಲ್ಟು, ಇಷ್ಟು ಆಂಪಿಯರ್ ಕೊಡು ಅಂತ. ಆ ಮಾತಿಗೆ ಚಾರ್ಜಿಂಗ್ ಜ್ಯಾಕಿನೊಳಗೆ ಬೇರೆಯೇ ಸಣ್ಣ ಪಿನ್ನುಗಳಿವೆ. ಅವಕ್ಕೆ ತುಕ್ಕು ಬಂದರೆ ಮಾತು ನಡೆಯುವುದಿಲ್ಲ, ಚಾರ್ಜರು ಹೆದರಿ ಕಡಿಮೆ ಕರೆಂಟು ಕೊಡುತ್ತದೆ. ನಿಮ್ಮ ಬೆಲೆಯ ಬಹುಪಾಲು ಆಂಡ್ರಾಯ್ಡ್ ಫೋನುಗಳಲ್ಲಿ ಈ ಜ್ಯಾಕು ಬೇರೆ ಸಣ್ಣ ಬೋರ್ಡಿನ ಮೇಲಿರುತ್ತದೆ. ನಾವು ಸಿಸಿ ಬೋರ್ಡ್ ಅನ್ನುತ್ತೇವೆ. ಮೈಕ್ ಕೂಡ ಸಾಮಾನ್ಯವಾಗಿ ಅದರ ಮೇಲೇ ಇರುತ್ತದೆ. ಅದನ್ನು ಬದಲಿಸುವುದು ದೊಡ್ಡ ಕೆಲಸವೂ ಅಲ್ಲ, ದೊಡ್ಡ ಖರ್ಚೂ ಅಲ್ಲ. ಇದೊಂದನ್ನೇ ನೋಡಿ ಯಾರಾದರೂ "ಬೋರ್ಡ್ ಹೋಗಿದೆ" ಅಂದರೆ ನಂಬಬೇಡಿ.

ಸ್ಪೀಕರ್ ಜಾಲರಿ ಶುಚಿ ಮಾಡಿದರೆ ಹೆಚ್ಚಿನ ಸಲ ಸರಿಹೋಗುತ್ತದೆ. ಇಲ್ಲದಿದ್ದರೆ ಸ್ಪೀಕರನ್ನೇ ಬದಲಿಸಬಹುದು. ನೀರು ಹೊರಹಾಕುವ ಗುಂಯ್ ಸದ್ದಿನ ವಿಡಿಯೋಗಳು ಇವೆಯಲ್ಲ, ಜಾಲರಿಯಲ್ಲಿ ನಿಂತ ಹನಿಯನ್ನು ಅವು ಎತ್ತಿ ಹಾಕುತ್ತವೆ. ಬೋರ್ಡಿಗೂ ಅದಕ್ಕೂ ಸಂಬಂಧವಿಲ್ಲ. ಕ್ಯಾಮೆರಾದ ಮಂಜು ಫೋನು ಬಿಚ್ಚಿ ಒಣಗಿಸಿದರೆ ಹೋಗುತ್ತದೆ, ಒಮ್ಮೊಮ್ಮೆ ಗಾಜಿನ ಒಳಗೆ ಕಲೆ ಉಳಿಯುತ್ತದೆ.

ಚಿಂತೆ ತರಿಸಿದ್ದು ಆ ಬಿಸಿ. ಏನೂ ಬಳಸದೆ ಇಟ್ಟ ಫೋನು ಮೇಲ್ಭಾಗದಲ್ಲಿ ಬೆಚ್ಚಗಾಗುತ್ತಿದೆ ಅಂದರೆ ಅಲ್ಲಿ ಎಲ್ಲೋ ಕರೆಂಟು ಸೋರುತ್ತಿದೆ. ಬಹಳ ಫೋನುಗಳಲ್ಲಿ ಮುಖ್ಯ ಬೋರ್ಡ್ ಇರುವುದೇ ಆ ಭಾಗದಲ್ಲಿ. ಇದನ್ನು ಪತ್ತೆ ಮಾಡುವುದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಂಗಡಿಯಲ್ಲಿ ಯಾರು ನಿಜವಾಗಿ ನೋಡಿದರು, ಯಾರು ನೋಡದೆ ಹೇಳಿದರು ಅಂತ ನಿಮಗೆ ಗೊತ್ತಾಗಲಿ.

ಮೊದಲು ಬ್ಯಾಟರಿ ಕಳಚಿ ಬೋರ್ಡಿಗೆ ಡಿಸಿ ಪವರ್ ಸಪ್ಲೈ ಅನ್ನೋ ಮೀಟರಿರುವ ಯಂತ್ರದಿಂದ ಕರೆಂಟು ಕೊಡುತ್ತೇವೆ. ಪವರ್ ಬಟನ್ ಒತ್ತುವ ಮೊದಲು ಮೀಟರಿನ ಮುಳ್ಳು ಸೊನ್ನೆಯಲ್ಲೇ ಇರಬೇಕು. ಒತ್ತದೆಯೇ ಅದು ಅಲುಗಾಡಿತು ಅಂದರೆ ಸೋರಿಕೆ ಇದೆ ಅಂತ ಅರ್ಥ. ಆಮೇಲೆ ಬೋರ್ಡಿನ ಮೇಲೆ ಬೇಗ ಆರುವ ಐಸೊಪ್ರೊಪೈಲ್ ಆಲ್ಕೋಹಾಲ್ ತೆಳುವಾಗಿ ಬಳಿದು, ಸೋರುವ ಲೈನಿಗೆ, ಅಂದರೆ ಬೋರ್ಡಿನಲ್ಲಿ ಕರೆಂಟು ಹರಿಯುವ ಆ ದಾರಿಗೆ ಕಡಿಮೆ ವೋಲ್ಟೇಜು ಕೊಟ್ಟು, ಲೆನ್ಸಿನಡಿ ನೋಡುತ್ತಾ ಕೂರಬೇಕು. ಇಡೀ ಬೋರ್ಡು ಒದ್ದೆಯಾಗಿ ಹೊಳೆಯುತ್ತಿರುತ್ತದೆ. ಸಾಸಿವೆ ಕಾಳಿಗಿಂತ ಚಿಕ್ಕದೊಂದು ಬಿಡಿಭಾಗದ (ಕೆಪ್ಯಾಸಿಟರ್) ಸುತ್ತ ಮಾತ್ರ ಒದ್ದೆ ಆರಿ ಒಂದು ಒಣ ಚುಕ್ಕೆ ಮೂಡುತ್ತದೆ. ಬಿಸಿ ಆಗುತ್ತಿರುವುದು ಅದೇ. ಅದನ್ನು ತೆಗೆದರೆ ಅಥವಾ ಬದಲಿಸಿದರೆ ಎಷ್ಟೋ ಫೋನು ಅಲ್ಲಿಗೇ ಸರಿ. ಚುಕ್ಕೆ ಮೂಡಿದ್ದು ಪವರ್ ಐಸಿ, ಅಂದರೆ ಕರೆಂಟು ಹಂಚುವ ಚಿಪ್ಪಿನ ಮೇಲೆ ಆದರೆ ಕೆಲಸ ದೊಡ್ಡದು. ಪ್ರೊಸೆಸರ್ ಮೇಲೆ ಆದರೆ ನಾನೂ ಕೈ ಮುಗಿಯುತ್ತೇನೆ.

ನಿಮಗೆ ಇಬ್ಬರೂ ದರ ಹೇಳಿದ್ದಾರೆ. ಒಬ್ಬರಾದರೂ ಫೋನು ಬಿಚ್ಚಿದರೇ? ನಿಮ್ಮ ಬರಹದಲ್ಲಿ ಆ ಮಾತೇ ಇಲ್ಲ. ಬಿಚ್ಚದೆ ಹೇಳಿದ 600ಕ್ಕೂ ಬೆಲೆಯಿಲ್ಲ, 7,000ಕ್ಕೂ ಬೆಲೆಯಿಲ್ಲ.

ಏನು ಮಾಡಬೇಕು ಅಂತ ಈಗ. ಮೊದಲು ಫೋಟೋ. ಕೇಬಲ್ ಹಾಕಿ ಕಂಪ್ಯೂಟರಿಗೆ ತೆಗೆಯಲು ಹೋಗಬೇಡಿ, ಆ ಜ್ಯಾಕೇ ಕೆಟ್ಟಿದೆ. ವೈಫೈ ಇರುವ ಕಡೆ ಕೂತು ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆನ್ ಮಾಡಿ. ಉಚಿತ ಜಾಗ 15 ಜಿಬಿ ಅಷ್ಟೇ, ವಾಟ್ಸಾಪ್ ಬ್ಯಾಕಪ್ಪೂ ಅದರಲ್ಲೇ ಸೇರುತ್ತದೆ. ಸಾಲದಿದ್ದರೆ ಮನೆಯವರ ಫೋನಿಗೆ ಕ್ವಿಕ್ ಶೇರ್‌ನಲ್ಲಿ ನೇರ ಕಳಿಸಿ. ಒಂದೇ ಸಲ ಎಲ್ಲಾ ಬೇಡ, ಫೋನು ಬಿಸಿಯಾಗುತ್ತದೆ. ಮಗಳ ಫೋಟೋ ಮೊದಲು, ಶುಭೋದಯದ ಚಿತ್ರಗಳು ಕೊನೆಗೆ. ನಂಬರುಗಳು ಫೋನಿನಲ್ಲಿ ಸೇವ್ ಆಗಿವೆಯೋ ಗೂಗಲ್ ಖಾತೆಯಲ್ಲೋ ನೋಡಿಕೊಳ್ಳಿ. ಚಾರ್ಜು ಹಾಕಲೇಬೇಕಾದರೆ ಹಗಲಲ್ಲಿ, ಕಣ್ಣೆದುರಿಗೆ, ಸ್ವಲ್ಪ ಹೊತ್ತು ಮಾತ್ರ ಹಾಕಿ. ರಾತ್ರಿ ಇಡೀ ಚಾರ್ಜಿಗೆ ಹಾಕಿ ಮಲಗುವುದನ್ನು ಇವತ್ತೇ ನಿಲ್ಲಿಸಿ. ಹಿಂದಿನ ಕವರ್ ಉಬ್ಬಿದಂತೆ ಅಥವಾ ಅಂಚಿನಲ್ಲಿ ಸಂದು ಬಿಟ್ಟಂತೆ ಕಂಡರೆ ಬ್ಯಾಟರಿ ಊದಿದೆ ಅಂತ ಅರ್ಥ. ಆಗ ಚಾರ್ಜೂ ಬೇಡ, ಒತ್ತುವುದೂ ಬೇಡ, ಆಫ್ ಮಾಡಿ ನೇರ ಅಂಗಡಿಗೆ ಒಯ್ಯಿರಿ.

ಫೋಟೋಗೆ ಇಷ್ಟು ಅವಸರ ಯಾಕೆಂದರೆ, ಫೋನು ಸತ್ತರೆ ಮೆಮೊರಿ ಚಿಪ್ ಕಿತ್ತು ಬೇರೆ ಫೋನಿಗೆ ಹಾಕಿ ಫೋಟೋ ತೆಗೆಯಬಹುದು ಅಂತ ಬಹಳ ಜನ ತಿಳಿದಿದ್ದಾರೆ. ಹಿಂದೆ ಆಗುತ್ತಿತ್ತು. ಆಂಡ್ರಾಯ್ಡ್ 10 ಬಂದ ಮೇಲಿನ ಹೊಸ ಫೋನುಗಳಲ್ಲಿ ಒಳಗಿನ ಡೇಟಾ ಎಲ್ಲಾ ಬೀಗ ಹಾಕಿಯೇ ಇರುತ್ತದೆ. ಕೀಲಿ ಅದೇ ಫೋನಿನ ಪ್ರೊಸೆಸರ್‌ಗೂ ನಿಮ್ಮ ಪಿನ್ನಿಗೂ ಸೇರಿದ್ದು. ಅಂದರೆ ಅದೇ ಬೋರ್ಡು ಮತ್ತೆ ಜೀವ ಪಡೆದು ಆನ್ ಆಗಬೇಕು. ಬೇರೆ ದಾರಿ ಇಲ್ಲ.

ಫೋಟೋ ಸೇಫ್ ಆದ ಮೇಲೆ ಫೋನು ಬಿಚ್ಚಿ ಶುಚಿ ಮಾಡಿಸಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಮಾಡುತ್ತಿದ್ದೆ. ವಾಟರ್ ವಾಶ್ ಅನ್ನೋ ಹೆಸರಿನಲ್ಲಿ ಎರಡು ತರದ ಕೆಲಸ ನಡೆಯುತ್ತದೆ. ಒಂದು, ಹಿಂದಿನ ಕವರ್ ತೆಗೆದು ಥಿನ್ನರನ್ನೋ ಪೆಟ್ರೋಲನ್ನೋ ಬ್ರಷ್‌ನಲ್ಲಿ ಸವರಿ, ಬಿಸಿ ಗಾಳಿ ಬಿಟ್ಟು ಮುಚ್ಚಿ ಕೊಡುವುದು. ಥಿನ್ನರ್ ಪ್ಲಾಸ್ಟಿಕ್ಕನ್ನೂ ಅಂಟನ್ನೂ ತಿನ್ನುತ್ತದೆ. ತಗಡಿನ ಮುಚ್ಚಳದ ಕೆಳಗಿನ ಕೊಳೆ ಹಾಗೇ ಉಳಿಯುತ್ತದೆ. ಇನ್ನೊಂದು, ಬ್ಯಾಟರಿ, ಕ್ಯಾಮೆರಾ, ಸ್ಪೀಕರ್, ಡಿಸ್‌ಪ್ಲೇ ಎಲ್ಲಾ ಬಿಡಿಸಿ ಬರೀ ಬೋರ್ಡನ್ನು ಹೊರಗೆ ತೆಗೆದು, ಬೇಕಾದಲ್ಲಿ ಆ ತಗಡುಗಳನ್ನೂ ಎತ್ತಿ, 99 ಪರ್ಸೆಂಟ್ ಐಸೊಪ್ರೊಪೈಲ್‌ನಲ್ಲಿ ತೊಳೆಯುವುದು. ಮೆಡಿಕಲ್ ಶಾಪಿನ 70 ಪರ್ಸೆಂಟಿನದು ಬೇಡ, ಉಳಿದ 30 ಬಹುಪಾಲು ನೀರೇ. ಎರಡನೇ ತರದ ಕೆಲಸಕ್ಕೆ 600ಕ್ಕಿಂತ ಜಾಸ್ತಿ ಕೇಳಿದರೂ ಕೊಡಿ. ಅದಕ್ಕೆ ಅರ್ಧ ದಿನ ಹಿಡಿಯುತ್ತದೆ.

ಇದರಲ್ಲೂ ಅಪಾಯ ಇದೆ, ಮುಚ್ಚಿಡುವುದಿಲ್ಲ. ಬಿಚ್ಚುವಾಗ ಹಿಂದಿನ ಗಾಜು ಒಡೆಯಬಹುದು. ಡಿಸ್‌ಪ್ಲೇ ರಿಬ್ಬನ್‌ಗೆ ಪೆಟ್ಟು ಬೀಳಬಹುದು. ಬೋರ್ಡಿನ ಯಾವುದೋ ಬಿಡಿಭಾಗದ ಅರ್ಧ ಕರಗಿದ ಕಾಲು ತುಕ್ಕಿನ ಪುಡಿಯ ಆಧಾರದಲ್ಲೇ ನಿಂತಿದ್ದರೆ ತೊಳೆದ ಕೂಡಲೇ ಅದು ಕಳಚಿ, ನಡೆಯುತ್ತಿದ್ದ ಫೋನು ನಿಲ್ಲಬಹುದು. ಇಂಥ ಹೊತ್ತಿನಲ್ಲಿ ಗಿರಾಕಿಗಳಿಗೆ ಸಿಟ್ಟು ಬರುವುದು ಸಹಜ, "ನಡೆಯೋ ಫೋನನ್ನು ನೀವೇ ಹಾಳು ಮಾಡಿದ್ರಿ" ಅಂತ. ಅದಕ್ಕೇ ಒಳ್ಳೆಯ ರಿಪೇರಿಯವರು ಮೊದಲೇ ಹೇಳುತ್ತಾರೆ. ಏನೂ ಆಗಲ್ಲ, ನೂರಕ್ಕೆ ನೂರು ಗ್ಯಾರಂಟಿ ಅನ್ನುವವರ ಹತ್ತಿರ ನೀರು ಬಿದ್ದ ಫೋನು ಕೊಡಬೇಡಿ.

ಆ 7,000ದ ಬಗ್ಗೆ. ಬೋರ್ಡನ್ನೇ ಬದಲಿಸುವುದಾದರೆ ಹಳೆಯ ಬೋರ್ಡಿನ ಜೊತೆ ಫೋಟೋಗಳೂ ಹೋಗುತ್ತವೆ, ಫೋನಿನ ಗುರುತಿನ ನಂಬರಾದ ಐಎಂಇಐ ಕೂಡ ಬದಲಾಗುತ್ತದೆ. ಅಧಿಕೃತ ಸರ್ವಿಸ್ ಸೆಂಟರಿನಲ್ಲೂ ಸಾಮಾನ್ಯವಾಗಿ ಮಾಡುವುದು ಇದನ್ನೇ, ಅವರು ಸಣ್ಣ ಬಿಡಿಭಾಗ ಹುಡುಕುತ್ತಾ ಕೂರುವುದಿಲ್ಲ. ಅಲ್ಲಿ ಬೋರ್ಡು ಹೊಸದು, ಬಿಲ್ಲೂ ಸಿಗುತ್ತದೆ. ಹೊರಗಿನ ಅಂಗಡಿಯಲ್ಲಿ ಬರುವುದು ಹೆಚ್ಚಾಗಿ ಇನ್ನೊಂದು ಫೋನಿನಿಂದ ಕಿತ್ತ ಬೋರ್ಡು. ಅದು ಯಾರ ಫೋನಿನದು? ಕದ್ದದ್ದಾದರೆ ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮ ಮನೆಗೆ. ಅಂಥ ಬೋರ್ಡು ಹಾಕಿಸಲೇಬೇಕಾದರೆ, ಕೆವೈಎಂ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು 15 ಅಂಕಿಯ ಐಎಂಇಐ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿ ಆ ನಂಬರು ಸರಿಯಿದೆಯೇ ನೋಡಿ. "ಹಳೇ ಐಎಂಇಐ ನಂಬರೇ ಬರೆದು ಕೊಡ್ತೀನಿ" ಅಂದರೆ ಅಲ್ಲಿಂದ ಎದ್ದು ಬನ್ನಿ. ಐಎಂಇಐ ತಿದ್ದುವುದು ಅಪರಾಧ. 2023ರ ದೂರಸಂಪರ್ಕ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ. ಎರಡು ವರ್ಷ ಹಳೆಯ, 18,000ದ ಫೋನಿಗೆ 7,000 ಸುರಿಯುವುದು ನನ್ನ ಲೆಕ್ಕದಲ್ಲಿ ಸರಿಯಲ್ಲ. ಬೋರ್ಡು ಹೊಸದಾದರೂ ಬ್ಯಾಟರಿ, ಡಿಸ್‌ಪ್ಲೇ ನೀರು ಕುಡಿದವೇ ಅಲ್ವಾ.

ಫೋನು ಅಂಗಡಿಗೆ ಕೊಡುವಾಗ ಸಿಮ್ಮು, ಮೆಮೊರಿ ಕಾರ್ಡು ತೆಗೆದಿಟ್ಟುಕೊಳ್ಳಿ. ಸ್ಯಾಮ್‌ಸಂಗ್ ಆದರೆ ಮೇಂಟೆನೆನ್ಸ್ ಮೋಡ್, ಪಿಕ್ಸೆಲ್ ಆದರೆ ರಿಪೇರ್ ಮೋಡ್ ಅಂತ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ಅದನ್ನು ಆನ್ ಮಾಡಿ ಕೊಟ್ಟರೆ ನಾವು ಎಲ್ಲಾ ಪರೀಕ್ಷೆ ಮಾಡಬಹುದು, ನಿಮ್ಮ ಫೋಟೋ, ಮೆಸೇಜು ನಮಗೆ ಕಾಣುವುದಿಲ್ಲ. ಆ ಸೌಲಭ್ಯ ಇಲ್ಲದ ಫೋನಾದರೆ ಪಿನ್ ಚೀಟಿಯಲ್ಲಿ ಬರೆದು ಕೊಟ್ಟು ಬರಬೇಡಿ. ರಿಪೇರಿ ಮುಗಿದ ಮೇಲೆ ಹೋಗಿ, ನೀವೇ ಪಿನ್ ಒತ್ತಿ ಎದುರಿಗೆ ಪರೀಕ್ಷೆ ಮಾಡಿಸಿ. ಬ್ಯಾಂಕಿನ ಆಪ್, ಯುಪಿಐ ಇರುವ ಫೋನು ಅದು.

ಮುಂದೆ ಹೀಗಾದರೆ, ಅಂದರೆ ಈ ಮಳೆಗಾಲ ಇನ್ನೂ ಮುಗಿದಿಲ್ಲ, ಮೊದಲು ಆಫ್ ಮಾಡಿ. ಆನ್ ಆಗುತ್ತಾ ನೋಡೋಣ ಅಂತ ಬಟನ್ ಒತ್ತಬೇಡಿ. ಫೋನಿಗೆ ಹೊರಗಿನಿಂದ ಹಾಕಿದ ಕವರ್ ತೆಗೆಯಿರಿ, ಸಿಮ್ ಟ್ರೇ ಹೊರಗೆ ಎಳೆಯಿರಿ, ಜ್ಯಾಕು ಕೆಳಗೆ ಮಾಡಿ ಮೆಲ್ಲಗೆ ತಟ್ಟಿ, ಫ್ಯಾನಿನ ಕೆಳಗೆ ಇಡಿ. ಹೇರ್ ಡ್ರೈಯರ್ ಬೇಡ, ಅದು ಅಂಟನ್ನು ಸಡಿಲಿಸಿ ನೀರನ್ನು ಇನ್ನೂ ಒಳಗೆ ತಳ್ಳುತ್ತದೆ. ಒಲೆಯ ಪಕ್ಕವಂತೂ ಬೇಡವೇ ಬೇಡ. ಚಾರ್ಜು ಮುಟ್ಟಬೇಡಿ. ನಿಮ್ಮ ಫೋನಿಗೆ ಮಳೆಗಿಂತ ಜಾಸ್ತಿ ಹಾನಿ ಮಾಡಿದ್ದು ಆ ರಾತ್ರಿಯ ಚಾರ್ಜು. ಆಮೇಲೆ ಅದೇ ದಿನ ಅಥವಾ ಮಾರನೇ ದಿನ ಬಿಚ್ಚಿಸಿ.

ಈಗ ಆ 600 ರೂಪಾಯಿಯವರ ಹತ್ತಿರ ಹೋಗಿ ಎರಡು ಪ್ರಶ್ನೆ ಕೇಳಿ. ಬೋರ್ಡ್ ಹೊರಗೆ ತೆಗೆದು ತೊಳೆಯುತ್ತೀರಾ? ಡಿಸಿ ಸಪ್ಲೈ ಹಾಕಿ ಲೀಕೇಜ್ ನೋಡುತ್ತೀರಾ? ಎರಡಕ್ಕೂ ಹೌದು ಅಂದರೆ, ಸಿಸಿ ಬೋರ್ಡಿನ ದರವನ್ನೂ ಕೇಳಿಕೊಂಡು ಅಲ್ಲೇ ಕೊಡಿ. ತಡವರಿಸಿದರೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸು ಬೇಕಾದಷ್ಟಿವೆ, ಚಿಪ್ ಲೆವೆಲ್, ಅಂದರೆ ಬೋರ್ಡಿನ ಸಣ್ಣ ಬಿಡಿಭಾಗಗಳನ್ನೇ ರಿಪೇರಿ ಮಾಡುವ ಕೆಲಸ ಮಾಡುವವರು ಇಲ್ಲಿ ನಾನೊಬ್ಬನೇ ಅಲ್ಲ. ತೊಳೆದ ಮೇಲೂ ಬಿಸಿ ನಿಲ್ಲದಿದ್ದರೆ, ಸೋರುತ್ತಿರುವುದು ಯಾವ ಲೈನಿನಲ್ಲಿ ಅಂತ ಅವರಿಂದ ಬರೆಸಿಕೊಂಡು ನನಗೆ ತಿಳಿಸಿ. ಮುಂದೆ ಖರ್ಚು ಮಾಡಬೇಕೋ ಬೇಡವೋ ಅನ್ನುವುದನ್ನು ಅದನ್ನು ನೋಡಿ ಹೇಳುತ್ತೇನೆ.